ದೊಡ್ಡ ಟೈರಿನ ಕ್ಯಾಂಪರ್: ಲಾಭವೆಷ್ಟು, ಹೊಣೆಯೆಷ್ಟು?

ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವರ್ತಕರಿಗೂ ಗುತ್ತಿಗೆದಾರರಿಗೂ 'ಕ್ಯಾಂಪರ್' ಎಂಬ ಪದ ಹೊಸತಲ್ಲ. ವಿದೇಶಗಳಲ್ಲಿ ಈ ಪದಕ್ಕೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಅಳವಡಿಸಿದ ಸಂಚಾರಿ ಮನೆ ಎಂಬ ಅರ್ಥ ರೂಢಿಯಲ್ಲಿದೆ. ನಮ್ಮ ನಾಡಿನ ರಸ್ತೆಗಳಲ್ಲಿ ಕ್ಯಾಂಪರ್ ಎಂದರೆ ಮುಂದೆ ಎರಡು ಸಾಲು ಆಸನ, ಹಿಂದೆ ಸರಕು ತುಂಬುವ ತೆರೆದ ಬಾಡಿ ಇರುವ ಮಹೀಂದ್ರ ಬೊಲೆರೊ ಕ್ಯಾಂಪರ್. ಆಳು ಮತ್ತು ಸಾಮಾನು ಎರಡನ್ನೂ ಒಂದೇ ಟ್ರಿಪ್ಪಿನಲ್ಲಿ ಸಾಗಿಸುವ ಅನುಕೂಲದಿಂದಾಗಿ ಈ ವಾಹನವು ಗುತ್ತಿಗೆದಾರರ ಮೆಚ್ಚುಗೆ ಗಳಿಸಿದೆ. ಇದರಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ತಲುಪಿಸುವ 'ಫೋರ್ ವೀಲ್ ಡ್ರೈವ್' ಮಾದರಿಯೂ ಬಂದಿದೆ.

ಇಂತಹ ವಾಹನ ಕೊಂಡ ಮಾಲೀಕರಿಗೆ ಕೆಲವೇ ತಿಂಗಳಲ್ಲಿ ಒಂದು ಆಲೋಚನೆ ಹುಟ್ಟುವುದು ಸಹಜ. ಕಂಪನಿ ಕೊಟ್ಟ ಟೈರ್ ಮತ್ತು ರಿಮ್ ತೆಗೆಸಿ ಇನ್ನೂ ದೊಡ್ಡವನ್ನು ಹಾಕಿಸಿದರೆ ವಾಹನ ಎತ್ತರವಾಗುತ್ತದೆ, ಕಲ್ಲು ತಾಗುವುದಿಲ್ಲ, ಮರಳಿನಲ್ಲಿ ಹೂಳುವುದಿಲ್ಲ, ನೋಡುವುದಕ್ಕೂ ಗತ್ತು ಬರುತ್ತದೆ ಎಂಬುದು ಆ ಆಲೋಚನೆ. ಟೈರ್ ಅಂಗಡಿಯಲ್ಲಿ ಇದು ಅರ್ಧ ದಿನದ ಕೆಲಸ. ಆದರೆ ಅದರ ಪರಿಣಾಮಗಳು ಬಾಡಿಗೆ ಬಿಲ್ಲು, ಡೀಸೆಲ್ ಲೆಕ್ಕ, ನೋಂದಣಿ ಪತ್ರ, ವಿಮಾ ಪಾಲಿಸಿ ಮತ್ತು ಆದಾಯ ತೆರಿಗೆಯವರೆಗೂ ಹಬ್ಬುತ್ತವೆ. ಈ ವೆಚ್ಚವನ್ನು ಟೈರಿನ ಬೆಲೆಯಿಂದ ಮಾತ್ರ ಅಳೆಯುವುದು ವ್ಯವಹಾರ ಜ್ಞಾನವೆನಿಸದು.

ಅಗತ್ಯವನ್ನು ಅಲ್ಲಗಳೆಯುವಂತಿಲ್ಲ

ಈ ನಾಲ್ಕು ತಾಲ್ಲೂಕುಗಳ ಭೂಗುಣ ಬಲ್ಲವರು ಮಾಲೀಕರ ಬಯಕೆಯನ್ನು ಬರಿಯ ಶೋಕಿ ಎಂದು ತಳ್ಳಿಹಾಕಲಾರರು. ಶಿರಾ ಪಟ್ಟಣವು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದ್ದು, ಅಲ್ಲಿನ ಸಾಗಣೆಗೆ ಉತ್ತಮ ರಸ್ತೆಯ ಸೌಕರ್ಯವಿದೆ. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಮಳವಳ್ಳಿ–ಪಾವಗಡ ರಾಜ್ಯ ಹೆದ್ದಾರಿ ಜೋಡಿಸುತ್ತದೆ. ಆದರೆ ಹೆದ್ದಾರಿ ಬಿಟ್ಟು ಒಳಗೆ ಹೊರಳಿದೊಡನೆ ಚಿತ್ರವೇ ಬದಲಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟದಂತಹ ಬಂಡೆಗಳ ಸಾಲು, ಕೊರಟಗೆರೆಯ ಸಿದ್ಧರಬೆಟ್ಟ ಮತ್ತು ಚನ್ನರಾಯನದುರ್ಗಗಳ ತಪ್ಪಲು, ಕಲ್ಲು ಬೆರೆತ ಕೆಂಪು ಮಣ್ಣಿನ ಬಂಡಿ ಜಾಡು, ಜಯಮಂಗಲಿ ಮತ್ತು ಉತ್ತರ ಪಿನಾಕಿನಿಯ ಬತ್ತಿದ ಮರಳಿನ ಪಾತ್ರ, ಇವೆಲ್ಲವನ್ನೂ ದಾಟಿ ಕಡಲೆಕಾಯಿ ಮೂಟೆ, ಹುಣಸೆಹಣ್ಣು, ಗೊಬ್ಬರ, ಪಂಪ್‌ಸೆಟ್ ಸಾಗಬೇಕು.

ಪಾವಗಡ ತಾಲ್ಲೂಕಿನಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳಲ್ಲಿ ಸುಮಾರು 13,000 ಎಕರೆ ವ್ಯಾಪ್ತಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ 2018 ಮತ್ತು 2019ರಲ್ಲಿ ಹಂತ ಹಂತವಾಗಿ ಕಾರ್ಯಾರಂಭ ಮಾಡಿತು. ಇಷ್ಟು ವಿಶಾಲ ಪ್ರದೇಶದ ಫಲಕಗಳ ಸ್ವಚ್ಛತೆ, ಕೇಬಲ್ ದುರಸ್ತಿ, ಕಾವಲು ಮುಂತಾದ ಕೆಲಸಗಳಿಗೆ ನಾಲ್ಕೈದು ಜನರನ್ನೂ ಸಲಕರಣೆಯನ್ನೂ ಒಟ್ಟಿಗೆ ಒಯ್ಯುವ ಬಾಡಿಗೆ ವಾಹನ ಹೇಳಿ ಮಾಡಿಸಿದಂತಿದೆ. ಬಾಡಿಗೆಯು ಕಿಲೋಮೀಟರ್ ಲೆಕ್ಕದಲ್ಲಿ ಗೊತ್ತಾದಾಗ ಟೈರಿನ ಅಳತೆಯ ಪ್ರಶ್ನೆ ನೇರವಾಗಿ ಹಣದ ಪ್ರಶ್ನೆಯಾಗುತ್ತದೆ.

ಟೈರಿನ ಮೇಲಿನ ಅಂಕಿಗಳ ಅರ್ಥ

ಪ್ರತಿಯೊಂದು ಟೈರಿನ ಪಾರ್ಶ್ವದ ಮೇಲೂ ಅದರ ಅಳತೆ ಅಚ್ಚಾಗಿರುತ್ತದೆ. ಉದಾಹರಣೆಗೆ 215/75 ಆರ್ 15 ಎಂದಿದ್ದರೆ, ಟೈರಿನ ಅಗಲ 215 ಮಿಲಿಮೀಟರ್, ಪಾರ್ಶ್ವದ ಎತ್ತರ ಆ ಅಗಲದ ಶೇ. 75, ರಿಮ್ಮಿನ ವ್ಯಾಸ 15 ಇಂಚು. 'ಆರ್' ಅಕ್ಷರವು ರೇಡಿಯಲ್ ರಚನೆಯ ಸಂಕೇತ. ಇದರ ಪ್ರಕಾರ ಟೈರಿನ ಒಟ್ಟು ವ್ಯಾಸ 703.5 ಮಿ.ಮೀ. ಆಗುತ್ತದೆ. ಇದರ ಬದಲು 235/75 ಆರ್ 15 ಹಾಕಿಸಿದರೆ ವ್ಯಾಸ 733.5 ಮಿ.ಮೀ. ಅಂದರೆ ಶೇ. 4.3ರಷ್ಟು ಹೆಚ್ಚಳ. 31 ಇಂಚು ಹೊರವ್ಯಾಸದ ಕಾಡುದಾರಿ ಟೈರ್ ಹಾಕಿಸಿದರೆ ವ್ಯಾಸ 787.4 ಮಿ.ಮೀ. ಆಗಿ ಹೆಚ್ಚಳ ಶೇ. 11.9ಕ್ಕೆ ಏರುತ್ತದೆ.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿಯುಂಟು. ವ್ಯಾಸ 30 ಮಿ.ಮೀ. ಹೆಚ್ಚಿದರೂ ಆಕ್ಸಲ್ ಮೇಲೇರುವುದು ಅದರ ಅರ್ಧ, ಅಂದರೆ 15 ಮಿ.ಮೀ. ಮಾತ್ರ. 31 ಇಂಚಿನ ಟೈರಿನಿಂದಲೂ ಲಭಿಸುವ ಎತ್ತರ 42 ಮಿ.ಮೀ. ಮಾತ್ರ. ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಗುಂಡು ಇಷ್ಟೇ ಮೇಲೇರುತ್ತದೆ. ಪಟ್ಟಾ ಎತ್ತರಿಸಿ ಬಾಡಿಯನ್ನು ಮೇಲಕ್ಕೆತ್ತಿಸಿದರೂ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ವಾಹನ ನೋಡಲು ಒಂದು ಅಡಿ ಎತ್ತರವಾದಂತೆ ಕಂಡರೂ ಉಪಯೋಗಕ್ಕೆ ಬರುವ ಎತ್ತರ ಒಂದು ಬೆರಳಿನ ಅಗಲದಷ್ಟೇ ಆಗಿರಬಹುದು.

ಎಂಜಿನ್ನಿನ ಎಳೆತವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಗೇರ್ ಪೆಟ್ಟಿಗೆ ಮತ್ತು ಆಕ್ಸಲ್ಲಿನ ಹಲ್ಲುಗಳ ಅನುಪಾತವನ್ನು ತಯಾರಕರು ಒಂದು ಅಳತೆಯ ಚಕ್ರಕ್ಕೆ ಹೊಂದುವಂತೆ ನಿಗದಿಪಡಿಸಿರುತ್ತಾರೆ. ಚಕ್ರ ದೊಡ್ಡದಾದರೆ ನೆಲಕ್ಕೆ ತಲುಪುವ ಎಳೆತ ಮೊದಲ ಉದಾಹರಣೆಯಲ್ಲಿ ಶೇ. 4ರಷ್ಟು, ಎರಡನೆಯದರಲ್ಲಿ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಬ್ರೇಕಿನ ಹಿಡಿತಕ್ಕೂ ಇದೇ ಗಣಿತ ಅನ್ವಯಿಸುತ್ತದೆ. ಒಂದು ಟನ್ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುವ ವಾಹನಕ್ಕೆ ಬ್ರೇಕಿನ ಹತ್ತನೆಯ ಒಂದು ಪಾಲು ನಷ್ಟವಾಗುವುದೆಂದರೆ ಅದು ಸಣ್ಣ ವಿಷಯವಲ್ಲ. ಇದರ ಮೇಲೆ ಭಾರವಾದ ರಿಮ್ಮು, ಹೊರಕ್ಕೆ ಚಾಚಿದ ಚಕ್ರ ಸೇರಿದರೆ ಚಕ್ರದ ಬೇರಿಂಗ್, ಸ್ಟೀರಿಂಗ್ ಕೀಲುಗಳು ಅವಧಿಗೆ ಮುನ್ನವೇ ಸವೆಯುತ್ತವೆ.

ಮೀಟರ್ ಸುಳ್ಳು ಹೇಳತೊಡಗಿದಾಗ

ವರ್ತಕರು ಅಂಗಡಿಯ ತಕ್ಕಡಿಗೂ ಬಟ್ಟುಗಳಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸುತ್ತಾರೆ. ಬಟ್ಟು ಸವೆದರೆ ಪ್ರತಿ ತೂಕದಲ್ಲೂ ಲೆಕ್ಕ ತಪ್ಪುತ್ತದೆ ಎಂಬುದು ಅವರಿಗೆ ಗೊತ್ತು. ವಾಹನದ ಚಕ್ರವೂ ಅಂಥದೇ ಒಂದು ಅಳತೆಗೋಲು. ಅದು ಎಷ್ಟು ಸುತ್ತು ತಿರುಗಿತೆಂಬುದನ್ನು ಎಣಿಸಿ ಮೀಟರ್ ದೂರ ತೋರಿಸುತ್ತದೆ. ಚಕ್ರ ದೊಡ್ಡದಾದರೆ ಕಡಿಮೆ ಸುತ್ತಿನಲ್ಲೇ ಅದೇ ದೂರ ಕ್ರಮಿಸುವುದರಿಂದ ಮೀಟರ್ ಕಡಿಮೆ ಕಿಲೋಮೀಟರ್ ತೋರಿಸುತ್ತದೆ.

ಉದಾಹರಣೆಗೆ, ಕಿಲೋಮೀಟರಿಗೆ 18 ರೂಪಾಯಿಯಂತೆ ಬಾಡಿಗೆಗೆ ಬಿಟ್ಟ ವಾಹನವೊಂದು ತಿಂಗಳಿಗೆ ನಿಜವಾಗಿ 3,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಬಹುದು. ಮೂಲ ಟೈರಿನಲ್ಲಿ ಮೀಟರ್ ಸರಿಯಾಗಿತ್ತೆಂದು ಭಾವಿಸಿದರೆ, ಶೇ. 4.3 ದೊಡ್ಡದಾದ ಟೈರಿನಲ್ಲಿ ಅದು 2,877 ಕಿ.ಮೀ. ತೋರಿಸುತ್ತದೆ. ತಿಂಗಳಿಗೆ 123 ಕಿ.ಮೀ., ಅಂದರೆ 2,214 ರೂಪಾಯಿ ಬಿಲ್ಲಿಗೆ ಬರುವುದೇ ಇಲ್ಲ. ವರ್ಷಕ್ಕೆ ಈ ನಷ್ಟ 26,568 ರೂಪಾಯಿ. 31 ಇಂಚಿನ ಟೈರಾದರೆ ಮೀಟರ್ 2,680 ಕಿ.ಮೀ. ಮಾತ್ರ ತೋರಿಸಿ, ತಿಂಗಳಿಗೆ 5,760 ರೂಪಾಯಿಯೂ ವರ್ಷಕ್ಕೆ 69,120 ರೂಪಾಯಿಯೂ ಸೋರಿಹೋಗುತ್ತವೆ. ಟೈರಿಗೆ ಕೊಟ್ಟ ಹಣವಲ್ಲದೆ ಈ ಮೊತ್ತವೂ ಮಾಲೀಕರ ಕೈಬಿಡುತ್ತದೆ. ಬಾಡಿಗೆಗೆ ಪಡೆದ ಕಂಪನಿಯು ಜಿಪಿಎಸ್ ಅಳವಡಿಸಿದ್ದರೆ ಎರಡು ಲೆಕ್ಕಗಳು ತಾಳೆಯಾಗದೆ ತಕರಾರು ಹುಟ್ಟುತ್ತದೆ.

ಇದಕ್ಕಿಂತ ಗಂಭೀರವಾದ ಪರಿಣಾಮ ಚಾಲಕನ ಮೇಲಾಗುತ್ತದೆ. ಲೀಟರಿಗೆ 13 ಕಿ.ಮೀ. ಕೊಡುತ್ತಿದ್ದ ವಾಹನವು, ಡೀಸೆಲ್ ಬಳಕೆ ಒಂದಿಷ್ಟೂ ಹೆಚ್ಚದಿದ್ದರೂ, ಮೀಟರಿನ ವ್ಯತ್ಯಾಸದಿಂದಲೇ 12.5 ಅಥವಾ 11.6 ಕಿ.ಮೀ. ಕೊಟ್ಟಂತೆ ಪುಸ್ತಕದಲ್ಲಿ ಕಾಣುತ್ತದೆ. ಟೈರಿನ ಭಾರ ಮತ್ತು ಅಗಲದಿಂದ ಆಗುವ ನಿಜವಾದ ಹೆಚ್ಚುವರಿ ಬಳಕೆ ಇದರ ಮೇಲೆ ಸೇರುತ್ತದೆ. ಟ್ರಿಪ್ ಶೀಟನ್ನೂ ಬಂಕಿನ ಬಿಲ್ಲನ್ನೂ ಎದುರುಬದುರು ಇಟ್ಟು ನೋಡುವ ಮಾಲೀಕನಿಗೆ ಮೊದಲು ಬರುವ ಸಂಶಯ ಚಾಲಕ ಡೀಸೆಲ್ ಮಾರಿಕೊಂಡನೆಂಬುದು. ವರ್ಷಗಟ್ಟಲೆ ನಿಯತ್ತಿನಿಂದ ದುಡಿದವನು ಕಳ್ಳನೆನಿಸಿಕೊಂಡು ಕೆಲಸ ಬಿಡಬೇಕಾದರೆ, ಆ ಅನ್ಯಾಯಕ್ಕೆ ಕಾರಣವಾದ ಟೈರು ಮಾತ್ರ ನಿಶ್ಚಿಂತೆಯಿಂದ ಉರುಳುತ್ತಿರುತ್ತದೆ. ಟೈರ್ ಬದಲಿಸಿದ ದಿನಾಂಕವನ್ನೂ ಮೀಟರ್ ಅಂಕಿಯನ್ನೂ ಬರೆದಿಟ್ಟು, ಗೊತ್ತಾದ ದೂರದಲ್ಲಿ ಮೀಟರನ್ನು ಪರೀಕ್ಷಿಸಿ ತಿದ್ದುಪಡಿ ಅಂಶ ನಿಗದಿಪಡಿಸುವುದು ಮಾಲೀಕರ ಕರ್ತವ್ಯ.

ಆಯಿಲ್ ಬದಲಾವಣೆಯ ಅವಧಿಯೂ ತಪ್ಪುತ್ತದೆ. ಮೀಟರಿನಲ್ಲಿ 10,000 ಎಂದು ಕಂಡಾಗ ವಾಹನ ನಿಜವಾಗಿ 10,426 ಅಥವಾ 11,193 ಕಿ.ಮೀ. ಓಡಿರುತ್ತದೆ. ವೇಗದ ವಿಷಯವೂ ಹೀಗೆಯೇ. ಮುಳ್ಳು 80 ತೋರಿಸಿದಾಗ ನಿಜವಾದ ವೇಗ 83.4 ಅಥವಾ 89.5 ಕಿ.ಮೀ. ಇರಬಹುದು. ಸ್ಪೀಡೋಮೀಟರುಗಳು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು ತೋರಿಸುವಂತೆ ತಯಾರಾಗಿರುವುದರಿಂದ ಸಣ್ಣ ವ್ಯತ್ಯಾಸ ಸರಿಹೋಗಬಹುದಾದರೂ, ದೊಡ್ಡ ವ್ಯತ್ಯಾಸ ಅದನ್ನು ನುಂಗಿಹಾಕುತ್ತದೆ. ಸರಕು ವಾಹನಗಳ ವೇಗನಿಯಂತ್ರಕದ 80 ಕಿ.ಮೀ. ಮಿತಿಯೂ ಚಕ್ರದ ಸುತ್ತನ್ನೇ ನಂಬಿರುವುದಾದ್ದರಿಂದ, ಚಕ್ರ ಬದಲಾದರೆ ಆ ಮಿತಿಯೂ ಸಡಿಲವಾಗುತ್ತದೆ.

ನಾಲ್ಕು ಚಕ್ರಗಳ ಚಾಲನೆಯಲ್ಲಿ ವಿಶೇಷ ಎಚ್ಚರಿಕೆ

ಖರ್ಚು ಉಳಿಸಲು ಭಾರ ಬೀಳುವ ಹಿಂದಿನ ಎರಡು ಚಕ್ರಗಳಿಗಷ್ಟೇ ದೊಡ್ಡ ಟೈರ್ ಹಾಕಿಸುವುದುಂಟು. ಫೋರ್ ವೀಲ್ ಡ್ರೈವ್ ವಾಹನಕ್ಕೆ ಇದು ವಿಷವಿದ್ದಂತೆ. ಇಂತಹ ಸರಕು ವಾಹನಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು ಒಂದೇ ಲೆಕ್ಕದಲ್ಲಿ ತಿರುಗುತ್ತವೆ. ಹಿಂದೆ 235, ಮುಂದೆ 215 ಅಳತೆಯ ಟೈರಿದ್ದರೆ ಒಂದು ಕಿಲೋಮೀಟರಿಗೆ ಮುಂದಿನ ಚಕ್ರ ಸುಮಾರು 452 ಸುತ್ತು, ಹಿಂದಿನದು 434 ಸುತ್ತು ತಿರುಗಬೇಕಾಗುತ್ತದೆ. ಈ 18 ಸುತ್ತಿನ ಜಗ್ಗಾಟವನ್ನು ಟ್ರಾನ್ಸ್‌ಫರ್ ಕೇಸ್ ಮತ್ತು ಪ್ರೊಪೆಲ್ಲರ್ ಶಾಫ್ಟುಗಳು ತಡೆದುಕೊಳ್ಳಬೇಕು. ಸಡಿಲ ಮರಳಿನಲ್ಲಿ ಚಕ್ರ ಜಾರಿ ಒತ್ತಡ ಬಿಡುಗಡೆಯಾಗುತ್ತದೆ. ಗಟ್ಟಿ ನೆಲದಲ್ಲಿ ಅದಕ್ಕೆ ದಾರಿಯಿಲ್ಲದೆ ಭಾಗಗಳು ಮುರಿಯುತ್ತವೆ.

ಆದುದರಿಂದ ಅಳತೆ ಬದಲಿಸುವುದಾದರೆ ನಾಲ್ಕನ್ನೂ ಬದಲಿಸಬೇಕು. ಸ್ಟೆಪ್ನಿಯೂ ಅದೇ ಅಳತೆಯದಾಗಿರಬೇಕು. ವೆಚ್ಚದ ಅಂದಾಜನ್ನು ಐದು ಟೈರ್ ಮತ್ತು, ಬೇಕಾದರೆ, ಐದು ರಿಮ್ಮುಗಳ ಮೇಲೆ ಕಟ್ಟಬೇಕು. ದೊಡ್ಡ ಸ್ಟೆಪ್ನಿ ಮೂಲ ಜಾಗದಲ್ಲಿ ಕೂರದಿದ್ದರೆ ಅದನ್ನು ಸರಕಿನ ಬಾಡಿಯಲ್ಲಿ ಇಡಬೇಕಾಗಿ ಬಂದು ಹೇರಿಕೆಯ ಜಾಗವೂ ಕಳೆದುಹೋಗುತ್ತದೆ.

ಕಾನೂನಿನ ನಿಲುವು

1988ರ ಮೋಟಾರು ವಾಹನಗಳ ಅಧಿನಿಯಮದ 52ನೇ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸಾರಿಗೆ ವಾಹನಗಳ ನೋಂದಣಿ ನಮೂನೆಯಲ್ಲಿ ಪ್ರತಿ ಆಕ್ಸಲ್ಲಿನ ಟೈರುಗಳ ಸಂಖ್ಯೆ, ವಿವರಣೆ ಮತ್ತು ಅಳತೆಗೆ ಪ್ರತ್ಯೇಕ ಅಂಕಣವಿದೆ. ಹಾಗಾಗಿ ಸರಕು ವಾಹನದ ಟೈರಿನ ಅಳತೆ ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಅದು ನೋಂದಣಿಯ ಭಾಗ. ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ತೀರ್ಪು ನೀಡಿ, ನೋಂದಣಿ ಪತ್ರದಲ್ಲಿ ನಮೂದಿಸುವುದಕ್ಕಾಗಿ ತಯಾರಕರು ಸೂಚಿಸಿದ ಮೂಲ ನಿರ್ದಿಷ್ಟತೆಯನ್ನು ಬದಲಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು.

ಅದೇ ವರ್ಷದ ತಿದ್ದುಪಡಿ ಅಧಿನಿಯಮವು 182ಎ ಪ್ರಕರಣವನ್ನು ಸೇರಿಸಿತು. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರ ಮೇಲೆ 6 ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ಟೈರ್, ಎತ್ತರಿಸಿದ ಪಟ್ಟಾ, ಹೆಚ್ಚುವರಿ ಬಂಪರ್ ಹೀಗೆ ಒಂದೊಂದನ್ನೂ ಬೇರೆ ಬೇರೆ ಮಾರ್ಪಾಡೆಂದು ಎಣಿಸಿದರೆ ದಂಡದ ಮೊತ್ತ ಎಷ್ಟಾಗುವುದೆಂದು ಹೇಳಬೇಕಾಗಿಲ್ಲ.

ಸಾರಿಗೆ ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ಅರ್ಹತಾ ಪತ್ರ, ಅಂದರೆ ಎಫ್.ಸಿ. ಪಡೆಯಬೇಕು. ಎಫ್.ಸಿ. ದಿನದಂದು ಹಳೆಯ ಟೈರ್ ಹಾಕಿಸಿ, ಮಧುಗಿರಿ ಸಾರಿಗೆ ಕಚೇರಿಯ ಕೆಲಸ ಮುಗಿದೊಡನೆ ದೊಡ್ಡ ಟೈರಿಗೆ ಮರಳುವ ಜಾಣ್ಮೆಯ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಇದರಿಂದ ತಪಾಸಣೆಯ ದಿನ ತಪ್ಪಿಸಿಕೊಳ್ಳಬಹುದು. ಅಪಘಾತದ ದಿನ ತಪ್ಪಿಸಿಕೊಳ್ಳಲಾಗದು. ಗೊತ್ತಿದ್ದೂ ಮಾಡಿದ ತಪ್ಪೆಂಬುದಕ್ಕೆ ಆ ಜಾಣ್ಮೆಯೇ ಸಾಕ್ಷಿಯಾಗಿ ನಿಲ್ಲುತ್ತದೆ.

ವಿಮೆ ಎಂಬ ಭರವಸೆ

ವಾಹನದ ವಿಮೆಯು ಮಾಲೀಕರು ಕೊಟ್ಟ ವಿವರಗಳ ಸತ್ಯಾಂಶದ ಮೇಲೆ ನಿಂತಿರುವ ಕರಾರು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ, ಸ್ವಂತ ವಾಹನದ ಹಾನಿಯ ಕ್ಲೇಮನ್ನು ತಿರಸ್ಕರಿಸಲು ಅಥವಾ ಕಡಿತಗೊಳಿಸಲು ಕಂಪನಿಗೆ ದಾರಿ ತೆರೆದುಕೊಳ್ಳುತ್ತದೆ. ಸರ್ವೇಯರು ಮೊದಲು ನೋಡುವುದೇ ಆರ್.ಸಿ.ಯನ್ನೂ ವಾಹನವನ್ನೂ. ಸಾಲದ ಮೇಲೆ ಕೊಂಡ ವಾಹನವಾದರೆ ಕಂತು ಉಳಿಯುತ್ತದೆ, ವಾಹನ ಹೋಗುತ್ತದೆ, ಪರಿಹಾರ ಬರುವುದಿಲ್ಲ. ಸಣ್ಣ ಸಾಗಣೆದಾರನ ಸಂಸಾರ ಕುಸಿಯಲು ಇಷ್ಟೇ ಸಾಕು.

2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ಲಾರಿಗೆ ಡಿಕ್ಕಿಯಾದ ವಾಹನದಲ್ಲಿದ್ದ 9 ಜನ ಮೃತಪಟ್ಟರು. ಅವರು ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಹೊರಟಿದ್ದ ಕೂಲಿಕಾರ್ಮಿಕರ ಕುಟುಂಬಗಳಿಗೆ ಸೇರಿದವರು. ಆ ದುರಂತಕ್ಕೂ ಟೈರಿನ ಅಳತೆಗೂ ಸಂಬಂಧ ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ. ಈ ಭಾಗದ ರಸ್ತೆಗಳಲ್ಲಿ ಸಣ್ಣ ವಾಹನಗಳು ಹೊತ್ತೊಯ್ಯುವುದು ಸರಕನ್ನು ಮಾತ್ರವಲ್ಲ, ದುಡಿಯುವ ಜನರ ಪ್ರಾಣವನ್ನು ಕೂಡ ಎಂಬುದನ್ನು ಅದು ನೆನಪಿಸುತ್ತದೆ. ಎತ್ತರಿಸಿದ ವಾಹನದ ಗುರುತ್ವಕೇಂದ್ರ ಮೇಲೇರಿ, ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ. ಬ್ರೇಕಿನ ಹಿಡಿತ ಕುಗ್ಗಿರುತ್ತದೆ. ಇಂತಹ ವಾಹನದಲ್ಲಿ ಜನರನ್ನು ಕೂರಿಸಿ ಕಳುಹಿಸುವ ಗುತ್ತಿಗೆದಾರನ ಹೊಣೆ ಕ್ಲೇಮಿನ ಕಾಗದದಲ್ಲಿ ಮುಗಿಯುವುದಿಲ್ಲ.

ತೆರಿಗೆಯ ನೋಟ

ಹೊಸ ಟೈರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಸರಕು ಸಾಗಣೆಯ ವಾಹನಕ್ಕೆ ಕೊಂಡ ಟೈರಿನ ಮೇಲಿನ ತೆರಿಗೆಯನ್ನು ಸಾಮಾನ್ಯ ನೋಂದಾಯಿತ ವರ್ತಕರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ, ಜಮೆಯಿಲ್ಲದೆ ಶೇ. 5ರ ದರವನ್ನು ಆಯ್ದುಕೊಂಡ ಸರಕು ಸಾಗಣೆ ಏಜೆನ್ಸಿಗಳಿಗೂ ಈ ಅನುಕೂಲವಿಲ್ಲ. ಅವರಿಗೆ ತೆರಿಗೆಯೂ ಟೈರಿನ ಬೆಲೆಯೇ.

ಆದಾಯ ತೆರಿಗೆಯಲ್ಲಿ ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳ ಮಾಲೀಕರು ಅಂದಾಜು ಆದಾಯ ಪದ್ಧತಿಯನ್ನು ಆಯ್ದುಕೊಂಡರೆ, ಲಘು ವಾಹನವೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಪರಿಗಣಿಸಲಾಗುತ್ತದೆ. ಟೈರಿಗೆ ಎಷ್ಟೇ ಖರ್ಚು ಮಾಡಿದ್ದರೂ ಅದನ್ನು ಬೇರೆಯಾಗಿ ಕಳೆಯುವಂತಿಲ್ಲ. ಲೆಕ್ಕಪುಸ್ತಕ ಇಡುವವರಿಗೆ ಸವೆದ ಟೈರಿನ ಬದಲು ಅದೇ ಅಳತೆಯ ಟೈರ್ ಹಾಕಿಸುವುದು ದುರಸ್ತಿ ವೆಚ್ಚ. ಹೊಸ ರಿಮ್ಮು, ಎತ್ತರಿಸಿದ ಪಟ್ಟಾ ಮುಂತಾದವು ವಾಹನದ ಸ್ವರೂಪವನ್ನೇ ಬದಲಿಸುವುದರಿಂದ ಅವನ್ನು ಬಂಡವಾಳ ವೆಚ್ಚವೆಂದು ಅಧಿಕಾರಿ ಪ್ರಶ್ನಿಸಲು ಅವಕಾಶವಿದೆ. ಇದಲ್ಲದೆ ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ವ್ಯಾಪಾರದ ಖರ್ಚಾಗಿ ಕಳೆಯುವಂತಿಲ್ಲವೆಂಬುದು ನೆನಪಿನಲ್ಲಿರಬೇಕು.

ಸಂಚಾರಿ ಮನೆಗಳಿಗೂ ಇದೇ ಮಾತು

ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿಯು ಕ್ಯಾರವಾನ್ ಪ್ರವಾಸಕ್ಕೆ ಉತ್ತೇಜನ ನೀಡಿತು. ಮಧುಗಿರಿಯ ಬೆಟ್ಟ, ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಣಾ ಪ್ರದೇಶಗಳಂತಹ ತಾಣಗಳ ಕಾರಣದಿಂದ ಈ ತಾಲ್ಲೂಕುಗಳ ಉದ್ಯಮಿಗಳೂ ಫೋರ್ ವೀಲ್ ವಾಹನವನ್ನು ಸಂಚಾರಿ ಮನೆಯಾಗಿ ಪರಿವರ್ತಿಸಿ ಬಾಡಿಗೆಗೆ ಬಿಡುವ ಯೋಚನೆ ಮಾಡಬಹುದು. ಇಂತಹ ವಾಹನಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಹಾಸಿಗೆ, ನೀರಿನ ತೊಟ್ಟಿ, ಬ್ಯಾಟರಿಗಳ ಭಾರ ಸದಾಕಾಲ ಟೈರಿನ ಮೇಲಿರುವುದರಿಂದ ಇಲ್ಲಿ ವ್ಯಾಸಕ್ಕಿಂತ ಭಾರಸೂಚ್ಯಂಕ ಮುಖ್ಯ. ಟೈರಿನ ಮೇಲೆ 100 ಎಂದಿದ್ದರೆ ಅದು 800 ಕೆ.ಜಿ., 105 ಎಂದಿದ್ದರೆ 925 ಕೆ.ಜಿ. ಹೊರಬಲ್ಲದು. ವ್ಯಾಸ ದೊಡ್ಡದಾಗಿದ್ದು ಸೂಚ್ಯಂಕ ಕಡಿಮೆಯಿರುವ ಟೈರ್ ಹಾಕಿಸಿದವರು ಹಣ ಕೊಟ್ಟು ಅಪಾಯ ಕೊಂಡಂತೆ.

ಹಾಗಾದರೆ ಮಾರ್ಗವೇನು?

ಅಳತೆ ಬದಲಿಸದೆಯೇ ಉದ್ದೇಶ ಸಾಧಿಸುವ ದಾರಿಗಳಿವೆ. ಅದೇ ಅಳತೆಯಲ್ಲಿ ಆಳವಾದ ಹಲ್ಲಿನ, ಗಟ್ಟಿ ಪಾರ್ಶ್ವದ, ಹೆಚ್ಚಿನ ಭಾರಸೂಚ್ಯಂಕದ ಟೈರುಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಕಲ್ಲು ಹಾದಿಗೆ ಇವೇ ಸಾಕು. ಮರಳಿನಲ್ಲಿ ಹೂಳುವ ಸಮಸ್ಯೆಗೆ ದೊಡ್ಡ ಟೈರಿಗಿಂತ ಗಾಳಿಯ ಒತ್ತಡ ಇಳಿಸುವುದು ಹೆಚ್ಚು ಫಲಕಾರಿ. ಒತ್ತಡ ಇಳಿದಾಗ ಟೈರ್ ನೆಲವನ್ನು ಉದ್ದಕ್ಕೆ ಅಪ್ಪಿ ಭಾರ ಹರಡಿಕೊಳ್ಳುತ್ತದೆ. ಆದರೆ ಭಾರ ಕಡಿಮೆಯಿದ್ದಾಗ, ನಿಧಾನಗತಿಯಲ್ಲಿ ಮಾತ್ರ ಇದನ್ನು ಮಾಡಬೇಕು. ಮರಳು ದಾಟಿದೊಡನೆ ಮತ್ತೆ ಗಾಳಿ ತುಂಬಬೇಕು. ಅದಕ್ಕೆ ಬ್ಯಾಟರಿಯಿಂದ ನಡೆಯುವ ಸಣ್ಣ ಕಂಪ್ರೆಸರ್ ವಾಹನದಲ್ಲಿದ್ದರಾಯಿತು. ಡಿಫರೆನ್ಷಿಯಲ್ ಮತ್ತು ಎಂಜಿನ್ ತಳಕ್ಕೆ ಕಬ್ಬಿಣದ ರಕ್ಷಾಫಲಕ ಬೇಕೆನಿಸಿದರೆ ತಯಾರಕರೇ ಒದಗಿಸುವುದನ್ನು ಆರಿಸಬೇಕು. ಅಳತೆ ಬದಲಿಸಲೇಬೇಕಾದವರು ಅದೇ ಮಾದರಿಗೆ ತಯಾರಕರು ಅನುಮೋದಿಸಿದ ಬೇರೊಂದು ಅಳತೆ ಇದೆಯೇ ಎಂಬುದನ್ನು ಲಿಖಿತವಾಗಿ ಕೇಳಿ, ಸಾರಿಗೆ ಕಚೇರಿಯ ಮತ್ತು ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಪಡೆದ ಮೇಲೆ ಮುಂದುವರಿಯಬೇಕು. ಅಂಗಡಿಯವರ ಬಾಯಿಮಾತು ನ್ಯಾಯಾಲಯದಲ್ಲಿ ನಿಲ್ಲದು.

ಇಷ್ಟು ಹೇಳಿದ ಮೇಲೆ ಕಾನೂನಿನ ಕಡೆಯಿಂದಲೂ ಒಂದು ನ್ಯಾಯವಾದ ಬೇಡಿಕೆ ಉಳಿಯುತ್ತದೆ. ಆಸ್ಟ್ರೇಲಿಯಾದ ಮಾರ್ಪಾಡು ಸಂಹಿತೆಯು ಸಾಮಾನ್ಯ ಕಾರುಗಳಿಗೆ ಟೈರಿನ ವ್ಯಾಸ 15 ಮಿ.ಮೀ.ವರೆಗೆ, ಫೋರ್ ವೀಲ್ ಡ್ರೈವ್ ಮತ್ತು ಸರಕು ವಾಹನಗಳಿಗೆ 50 ಮಿ.ಮೀ.ವರೆಗೆ ಹೆಚ್ಚಿಸಲು ಅವಕಾಶ ಕೊಟ್ಟಿದೆ. ಜರ್ಮನಿಯಲ್ಲಿ ಮಾನ್ಯತೆ ಪಡೆದ ತಪಾಸಣಾ ಸಂಸ್ಥೆಗಳು ಬದಲಾದ ಚಕ್ರವನ್ನು ಪರೀಕ್ಷಿಸಿ, ಸರಿಯಿದ್ದರೆ ದಾಖಲೆಗೆ ಸೇರಿಸುವ ವ್ಯವಸ್ಥೆಯಿದೆ. ಅಲ್ಲೆಲ್ಲ ಮಿತಿಯೂ ಇದೆ, ಮಿತಿಯೊಳಗೆ ಅನುಮತಿಯೂ ಇದೆ. ನಮ್ಮಲ್ಲಿ 52ನೇ ಪ್ರಕರಣವು ಮಾರ್ಪಾಡಿಗೆ ಷರತ್ತು ವಿಧಿಸುವ ಮತ್ತು ನಿರ್ದಿಷ್ಟ ಉದ್ದೇಶಕ್ಕೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಗುಡ್ಡಗಾಡು ಮತ್ತು ಮರಳು ನೆಲದಲ್ಲಿ ದುಡಿಯುವ ಫೋರ್ ವೀಲ್ ಸರಕು ವಾಹನಗಳಿಗೆ ಸ್ಪಷ್ಟವಾದ ಅಳತೆಯ ಮಿತಿ, ಬ್ರೇಕ್ ಮತ್ತು ಮೀಟರ್ ಪರೀಕ್ಷೆ, ಆರ್.ಸಿ.ಯಲ್ಲಿ ದಾಖಲಾತಿ, ಈ ಮೂರನ್ನೂ ಒಳಗೊಂಡ ನಿಯಮವೊಂದನ್ನು ರೂಪಿಸುವಂತೆ ವಾಣಿಜ್ಯ ಸಂಸ್ಥೆಗಳು ಒತ್ತಾಯಿಸುವುದು ಸೂಕ್ತ. ಪೂರ್ಣ ನಿಷೇಧವು ಕದ್ದು ಮಾಡುವುದನ್ನು ಬೆಳೆಸುತ್ತದೆ. ಪರೀಕ್ಷೆಗೊಳಪಟ್ಟ ಅನುಮತಿಯು ರಸ್ತೆಯನ್ನೂ ಬೊಕ್ಕಸವನ್ನೂ ಕಾಯುತ್ತದೆ.

ಅಲ್ಲಿಯವರೆಗೆ ಸ್ಥಳೀಯವಾಗಿ ಆಗಬೇಕಾದ ಕೆಲಸಗಳೂ ಇವೆ. ಉಪವಿಭಾಗದ ಸಾಗಣೆದಾರರು, ಟೈರ್ ವ್ಯಾಪಾರಿಗಳು, ವಿಮಾ ಪ್ರತಿನಿಧಿಗಳು ಮತ್ತು ಸಾರಿಗೆ ಅಧಿಕಾರಿಗಳನ್ನು ಒಂದೆಡೆ ಸೇರಿಸಿ ವರ್ಷಕ್ಕೊಮ್ಮೆ ಮಾಹಿತಿ ಶಿಬಿರ ನಡೆಸಬಹುದು. ಟೈರ್ ವ್ಯಾಪಾರಿಗಳು ಆರ್.ಸಿ. ನೋಡದೆ ಬೇರೆ ಅಳತೆಯ ಟೈರ್ ಮಾರದಿರುವ ಪದ್ಧತಿಯನ್ನು ತಾವಾಗಿಯೇ ರೂಢಿಸಿಕೊಳ್ಳಬಹುದು. ಬಿಲ್ಲಿನಲ್ಲಿ ಟೈರಿನ ಅಳತೆ ಮತ್ತು ವಾಹನದ ಸಂಖ್ಯೆ ಎರಡನ್ನೂ ಬರೆಯಬಹುದು. ವಾಹನಗಳನ್ನು ಬಾಡಿಗೆಗೆ ಪಡೆಯುವ ಕಂಪನಿಗಳು ಕರಾರು ಪತ್ರದಲ್ಲಿ ಟೈರಿನ ಅಳತೆಯನ್ನು ನಮೂದಿಸಿದರೆ ಅರ್ಧದಷ್ಟು ತಕರಾರುಗಳು ಹುಟ್ಟುವುದೇ ಇಲ್ಲ.

ಬರದ ನೆಲದಲ್ಲಿ ಸಾಲ ಮಾಡಿ ವಾಹನ ಕೊಂಡು ದುಡಿಯುವವರಿಗೆ ಪ್ರತಿ ಕಿಲೋಮೀಟರೂ ಅನ್ನದ ಲೆಕ್ಕ. ಆ ಕಿಲೋಮೀಟರನ್ನು ಅಳೆಯುವ ಚಕ್ರವನ್ನು ಬದಲಿಸುವ ಮೊದಲು ಮಾಲೀಕರು ಆರ್.ಸಿ.ಯ ಪುಟವನ್ನೂ ಖರ್ಚಿನ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಅದಕ್ಕೆ ಹಿಡಿಯುವ ಸಮಯ ಒಂದು ಗಂಟೆ. ಅದನ್ನು ಬಿಟ್ಟವರು ತೆರಬೇಕಾಗುವ ಬೆಲೆಯಲ್ಲಿ ಹಣವೂ ಇರಬಹುದು, ನಂಬಿಗಸ್ಥ ಚಾಲಕನೂ ಇರಬಹುದು, ಯಾರದೋ ಜೀವವೂ ಇರಬಹುದು.